ಆಟದ ಅವಧಿಗೆ ಪಾಠದ ಘನತೆ ತಂದ ಮೇಷ್ಟ್ರು

ಪರೀಕ್ಷೆ ಹತ್ತಿರವಾದಂತೆ ಶಾಲೆಯ ವೇಳಾಪಟ್ಟಿಯಿಂದ ಮೊದಲು ಕಣ್ಮರೆಯಾಗುವುದು ದೈಹಿಕ ಶಿಕ್ಷಣದ ಅವಧಿ. ಗಣಿತದ ಅಧ್ಯಾಪಕರಿಗೆ ಪಾಠ ಮುಗಿಸಬೇಕಾಗಿರುತ್ತದೆ, ವಿಜ್ಞಾನದವರಿಗೆ ಪುನರಾವರ್ತನೆ ಮಾಡಿಸಬೇಕಾಗಿರುತ್ತದೆ. ಬಿಟ್ಟುಕೊಡಬೇಕಾದವರು ಮಾತ್ರ ಯಾವಾಗಲೂ ಪಿ.ಟಿ. ಮೇಷ್ಟ್ರು. ಇದಕ್ಕೆ ಪೋಷಕರ ಆಕ್ಷೇಪಣೆಯೂ ಇರುವುದಿಲ್ಲ. ಈ ಉದಾಸೀನದ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ. ಮೈಯನ್ನು ಪಳಗಿಸುವ ವಿದ್ಯೆ ಇತರ ವಿಷಯಗಳ ಸಾಲಿನಲ್ಲಿ ಕೂರಬಲ್ಲ ವಿಷಯವೇ, ಅಥವಾ ಪಾಠಗಳ ನಡುವಿನ ಬಿಡುವು ಮಾತ್ರವೇ?

ಒಂದು ಸರ್ಕಾರ ಈ ಪ್ರಶ್ನೆಯನ್ನು ವಿಧಿವತ್ತಾಗಿ ಕೇಳಿ, ಪ್ರತಿಕೂಲ ಉತ್ತರ ಪಡೆದು, ಸುಮಾರು ಅರ್ಧ ಶತಮಾನದ ಅವಧಿಯಲ್ಲಿ ಆ ಉತ್ತರವನ್ನು ತಿದ್ದಿಕೊಂಡ ಪ್ರಸಂಗ ಜಪಾನಿನಲ್ಲಿ ನಡೆಯಿತು. ಆ ತಿದ್ದುಪಡಿಗೆ ಕಾರಣರಾದವರಲ್ಲಿ ಪ್ರಮುಖರು ಕಾನೊ ಜಿಗೊರೊ. ಜಗತ್ತು ಅವರನ್ನು ಜೂಡೊ ಕ್ರೀಡೆಯ ಜನಕರೆಂದು ನೆನೆಯುತ್ತದೆ. ಆದರೆ ವೃತ್ತಿಯಿಂದ ಅವರು ಅಧ್ಯಾಪಕರು, ಬದುಕಿನ ಬಹುಪಾಲು ಶಿಕ್ಷಣ ಇಲಾಖೆಯ ನೌಕರರು. ಅವರ ಬದುಕನ್ನು ಆ ಕಡೆಯಿಂದ ನೋಡುವುದು ನಮಗೆ ಹೆಚ್ಚು ಪ್ರಯೋಜನಕಾರಿ.

ಕಾನೊ ಹುಟ್ಟಿದ್ದು 1860ರಲ್ಲಿ, ಇಂದಿನ ಕೋಬೆ ನಗರಕ್ಕೆ ಸೇರಿರುವ ಮಿಕಾಗೆ ಎಂಬ ಕಡಲತೀರದ ಊರಿನಲ್ಲಿ. ಅಕ್ಕಿಯ ಮದ್ಯ ತಯಾರಿಕೆಗೆ ಹೆಸರಾದ ಮನೆತನ ಅವರದು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕನನ್ನು ತಂದೆ ಟೋಕಿಯೊಗೆ ಕರೆತಂದರು. 1868ರ ಮೇಜಿ ಕ್ರಾಂತಿಯ ನಂತರದ ಆ ವರ್ಷಗಳಲ್ಲಿ ಜಪಾನು ಹಳೆಯದನ್ನೆಲ್ಲ ಕಳಚಿ ಹೊಸದನ್ನು ತೊಡುವ ಆತುರದಲ್ಲಿತ್ತು. ಬಾಲಕ ಓದಿನಲ್ಲಿ ಮುಂದಿದ್ದ, ಮೈಕಟ್ಟಿನಲ್ಲಿ ಹಿಂದಿದ್ದ. ಬೆಳೆದ ಮೇಲೂ ಅವರ ಎತ್ತರ ಐದಡಿ ಎರಡಂಗುಲವನ್ನು ದಾಟಲಿಲ್ಲ; ತಾರುಣ್ಯದಲ್ಲಿ ತೂಕ ನಲವತ್ತು ಕಿಲೋ ಆಸುಪಾಸಿನಲ್ಲಿತ್ತು. ವಸತಿ ಶಾಲೆಯಲ್ಲಿ ದೊಡ್ಡ ಹುಡುಗರು ಅವರನ್ನು ಪೀಡಿಸುತ್ತಿದ್ದರು. ದುರ್ಬಲನು ಬಲಶಾಲಿಯನ್ನು ಎದುರಿಸಬಲ್ಲ ವಿದ್ಯೆಯೊಂದಿದೆ, ಅದರ ಹೆಸರು ಜುಜುತ್ಸು ಎಂಬ ಮಾತು ಅವರ ಕಿವಿಗೆ ಬಿದ್ದದ್ದು ಆಗ.

ಸಮುರಾಯ್ ವರ್ಗದ ಅಧಿಕಾರ ಹೋಗಿದ್ದರಿಂದ ಅವರ ಯುದ್ಧವಿದ್ಯೆಗಳಿಗೂ ಆಶ್ರಯ ತಪ್ಪಿತ್ತು. ಎಷ್ಟೋ ಜುಜುತ್ಸು ಗುರುಗಳು ಮುರಿದ ಮೂಳೆ ಕೂಡಿಸುತ್ತ ಹೊಟ್ಟೆ ಹೊರೆಯುತ್ತಿದ್ದರು. 1877ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ ಸೇರಿದ ಕಾನೊ, ಅಂಥ ಮೂಳೆ ವೈದ್ಯರ ಅಂಗಡಿಗಳಲ್ಲಿ ವಿಚಾರಿಸುತ್ತ ಹೋಗಿ ಫುಕುದಾ ಹಾಚಿನೊಸುಕೆ ಎಂಬ ಗುರುವನ್ನು ಕಂಡುಕೊಂಡರು. ಎರಡು ವರ್ಷಗಳಲ್ಲಿ ಫುಕುದಾ ತೀರಿಕೊಂಡರು. ಮುಂದಿನ ಗುರುವೂ 1881ರಲ್ಲಿ ಕಣ್ಮುಚ್ಚಿದರು. ಮೂರನೆಯ ಗುರುವಿನ ಬಳಿ ಬೇರೊಂದು ಸಂಪ್ರದಾಯದ ಪಟ್ಟುಗಳನ್ನು ಕಲಿತರು. ಹಗಲು ವಿಶ್ವವಿದ್ಯಾಲಯದಲ್ಲಿ ಅವರು ಓದುತ್ತಿದ್ದುದು ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ. ಎರಡು ಲೋಕಗಳ ನಡುವಿನ ಈ ಓಡಾಟವೇ ಮುಂದಿನ ಎಲ್ಲಕ್ಕೂ ತಳಹದಿಯಾಯಿತು.

1882ರಲ್ಲಿ ಅವರು ಕುಲೀನ ಮಕ್ಕಳ ಶಾಲೆಯಾದ ಗಾಕುಶುಯಿನ್‌ನಲ್ಲಿ ಅಧ್ಯಾಪಕರಾದರು. ಅದೇ ವರ್ಷದ ಮೇ ತಿಂಗಳಲ್ಲಿ ಟೋಕಿಯೊದ ಏಶೋಜಿ ಎಂಬ ಬೌದ್ಧ ದೇಗುಲದ ಕೊಠಡಿಯೊಂದರಲ್ಲಿ ಹನ್ನೆರಡು ಚಾಪೆಗಳನ್ನು ಹಾಸಿ ಕೊದೊಕಾನ್ ಎಂಬ ತಾಲೀಮು ಶಾಲೆಯನ್ನು ಆರಂಭಿಸಿದರು. ಆಗ ಅವರಿಗಿನ್ನೂ ಇಪ್ಪತ್ತೊಂದು ವರ್ಷ. ಮೊದಲ ವರ್ಷ ಸೇರಿದ ಶಿಷ್ಯರು ಒಂಬತ್ತು ಮಂದಿ. ತಾವು ಕಲಿಸುವುದಕ್ಕೆ ಜುಜುತ್ಸು ಎಂಬ ಹೆಸರನ್ನು ಬಿಟ್ಟು ಜೂಡೊ ಎಂಬ ಹೆಸರನ್ನಿಟ್ಟರು. ಜುತ್ಸು ಎಂದರೆ ಕೌಶಲ. ದೊ ಎಂದರೆ ಮಾರ್ಗ. ಎದುರಾಳಿಯನ್ನು ಕೆಡವುವ ಕೌಶಲವನ್ನು ಬದುಕನ್ನು ರೂಪಿಸುವ ಮಾರ್ಗವಾಗಿ ಬದಲಿಸುವ ಉದ್ದೇಶ ಆ ಹೆಸರಿನಲ್ಲೇ ಇತ್ತು.

ಸರ್ಕಾರದ ಪ್ರಶ್ನೆ ಎದ್ದದ್ದು ಇದೇ ಹೊತ್ತಿನಲ್ಲಿ. ಜಪಾನಿನ ಶಾಲೆಗಳಿಗೆ ದೈಹಿಕ ಶಿಕ್ಷಣ ಬಂದದ್ದು ಪಶ್ಚಿಮದಿಂದ. ಅಮೆರಿಕದಿಂದ ಬಂದ ಜಾರ್ಜ್ ಲೆಲ್ಯಾಂಡ್ ಎಂಬ ವೈದ್ಯರು 1878ರಿಂದ ಮೂರು ವರ್ಷ ಸರ್ಕಾರಿ ವ್ಯಾಯಾಮ ಸಂಸ್ಥೆಯಲ್ಲಿ ಲಘು ಕಸರತ್ತುಗಳನ್ನು ಕಲಿಸಿ ಅಧ್ಯಾಪಕರನ್ನು ತಯಾರು ಮಾಡಿದ್ದರು. ನಮ್ಮದೇ ಯುದ್ಧವಿದ್ಯೆಗಳಿರುವಾಗ ಪರದೇಶದ ಕಸರತ್ತು ಏಕೆ ಎಂಬ ಚರ್ಚೆ ಹುಟ್ಟಿತು. ಕತ್ತಿವರಸೆ ಮತ್ತು ಜುಜುತ್ಸುಗಳನ್ನು ಶಾಲೆಯ ವಿಷಯಗಳಾಗಿ ಸೇರಿಸಬಹುದೇ ಎಂದು ಪರಿಶೀಲಿಸುವಂತೆ 1883ರಲ್ಲಿ ಶಿಕ್ಷಣ ಸಚಿವಾಲಯ ಆ ಸಂಸ್ಥೆಗೆ ಸೂಚಿಸಿತು. 1884ರಲ್ಲಿ ವರದಿ ಬಂತು. ಲಾಭಗಳು ಇವೆ, ಆದರೆ ನಿಯಮಿತ ವಿಷಯವಾಗಿ ಇವು ಯೋಗ್ಯವಲ್ಲ ಎಂಬುದು ಅದರ ಸಾರ. ದೇಹದ ಎಲ್ಲ ಅಂಗಗಳೂ ಸಮನಾಗಿ ಬೆಳೆಯುವುದಿಲ್ಲ, ಅಭ್ಯಾಸದಲ್ಲಿ ಅಪಾಯವಿದೆ, ಬಲಶಾಲಿಗೂ ದುರ್ಬಲನಿಗೂ ಹೊಂದುವಂತೆ ಶ್ರಮವನ್ನು ಅಳೆದು ಕೊಡಲಾಗದು, ಗೆಲ್ಲುವ ಹಟ ಮಿತಿಮೀರುತ್ತದೆ, ಇಡೀ ತರಗತಿಗೆ ಒಟ್ಟಿಗೆ ಕಲಿಸಲು ಬರುವುದಿಲ್ಲ ಎಂಬಂಥ ಕಾರಣಗಳನ್ನು ಸಮಿತಿ ಪಟ್ಟಿ ಮಾಡಿತ್ತು.

ಆಡಳಿತದಲ್ಲಿ ಬಹುಕಾಲ ಕಳೆದವರಿಗೆ ಇದು ಉತ್ತಮ ವರದಿಯೆಂದು ತೋರದೆ ಇರದು. ಅದರಲ್ಲಿ ಪೂರ್ವಗ್ರಹಕ್ಕಿಂತ ವಿವೇಚನೆ ಹೆಚ್ಚು. ಸಾಮಾನ್ಯವಾಗಿ ಕಡತದ ಮೇಲೆ ಇಂಥ ಷರಾ ಬಿದ್ದಾಗ ಬಾಧಿತರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ: ಕೈಚೆಲ್ಲಿ ಕೂರುತ್ತಾರೆ, ಇಲ್ಲವೇ ಪ್ರಭಾವ ಬೀರಿ ಷರಾವನ್ನು ಅಳಿಸಲು ನೋಡುತ್ತಾರೆ. ಕಾನೊ ಅವರ ಸಾಧನೆಯನ್ನು ನೋಡಿದರೆ, ಪ್ರತಿ ಆಕ್ಷೇಪಣೆಗೂ ಉತ್ತರವಾಗುವಂತೆ ವಿದ್ಯೆಯನ್ನೇ ತಿದ್ದಿದ ಹಾಗೆ ಕಾಣುತ್ತದೆ.

ಅಪಾಯಕಾರಿ ಹೊಡೆತಗಳನ್ನು ಮುಕ್ತ ಅಭ್ಯಾಸದಿಂದ ತೆಗೆದು, ನಿಗದಿತ ಕ್ರಮದಲ್ಲಿ ಮಾಡುವ ಪ್ರದರ್ಶನಾಭ್ಯಾಸಕ್ಕೆ ಸೀಮಿತಗೊಳಿಸಿದರು. ಎತ್ತಿ ಎಸೆಯುವುದಕ್ಕೆ ಮೊದಲು ಪೆಟ್ಟಾಗದಂತೆ ಬೀಳುವುದನ್ನು ಕಲಿಸುವ ಪದ್ಧತಿಗೆ ಒತ್ತು ಕೊಟ್ಟರು. ಎದುರಾಳಿಯ ಸಮತೋಲ ತಪ್ಪಿಸಿದರೆ ಹೆಚ್ಚಿನ ಬಲ ಬೇಕಿಲ್ಲ ಎಂಬುದನ್ನು ವಿವರಿಸಬಲ್ಲ, ಆದ್ದರಿಂದ ತರಗತಿಯಲ್ಲಿ ಬೋಧಿಸಬಲ್ಲ, ಸಿದ್ಧಾಂತವಾಗಿ ರೂಪಿಸಿದರು. ಗುರುವಿನ ಮರ್ಜಿಗೆ ಒಳಪಟ್ಟಿದ್ದ ಪ್ರಗತಿಗೆ ದಾನ್ ಎಂಬ ದರ್ಜೆಗಳ ಮೆಟ್ಟಿಲುಗಳನ್ನು ಕಟ್ಟಿದರು. 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ದರ್ಜೆ ದೊರೆಯಿತು. 1889ರಲ್ಲಿ ಶಿಕ್ಷಣ ಸಚಿವರೂ ಇದ್ದ ಸಭೆಯಲ್ಲಿ ಉಪನ್ಯಾಸ ನೀಡಿ, ದೇಹದ ಬೆಳವಣಿಗೆ, ಆತ್ಮರಕ್ಷಣೆ, ನಡತೆಯ ಸಂಸ್ಕಾರ ಈ ಮೂರೂ ಜೂಡೊದ ಗುರಿಗಳೆಂದು ಪ್ರತಿಪಾದಿಸಿದರು. ಗರಡಿಯ ಗುಟ್ಟಾಗಿದ್ದ ವಿದ್ಯೆಗೆ ಹೀಗೆ ಪಠ್ಯಕ್ರಮ, ತರ್ಕ ಮತ್ತು ಮೌಲ್ಯಮಾಪನ ದೊರೆತವು. ಯಾವುದೇ ಜ್ಞಾನ ಶಾಲೆಯ ವಿಷಯವಾಗಬೇಕಾದರೆ ಬೇಕಾದುದು ಇವೇ ಅಲ್ಲವೇ?

ನಾಲ್ಕನೆಯದೊಂದು ಉಳಿದಿತ್ತು. ಅದು ಅಧ್ಯಾಪಕರು. ಯೂರೋಪಿನ ಪ್ರವಾಸ ಮುಗಿಸಿ ಬಂದ ಕಾನೊ 1891ರಲ್ಲಿ ಕುಮಾಮೊತೊದ ಉನ್ನತ ಶಾಲೆಯ ಪ್ರಾಂಶುಪಾಲರಾದರು. ಸಾಹಿತಿ ಲಾಫ್ಕಾಡಿಯೊ ಹರ್ನ್ ಅಲ್ಲಿ ಬೋಧಕರಾಗಿದ್ದರು. 1893ರಲ್ಲಿ ಟೋಕಿಯೊದ ಉನ್ನತ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾದರು. ನಡುವೆ ಅಲ್ಪಕಾಲ ಬಿಟ್ಟು, 1920ರವರೆಗೆ ಒಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಹುದ್ದೆಯಲ್ಲಿದ್ದರು. ದೇಶದ ಮಾಧ್ಯಮಿಕ ಶಾಲೆಗಳಿಗೆ ಅಧ್ಯಾಪಕರನ್ನು ಕಳುಹಿಸುತ್ತಿದ್ದ ಸಂಸ್ಥೆ ಅದು. ಇತಿಹಾಸ ಕಲಿಸುವವನಿರಲಿ, ಗಣಿತ ಕಲಿಸುವವನಿರಲಿ, ಅಲ್ಲಿನ ವಿದ್ಯಾರ್ಥಿಗಳು ದೂರದ ಓಟ ಓಡಬೇಕು, ಈಜು ಕಲಿಯಬೇಕು ಎಂಬ ರೂಢಿಯನ್ನು ಅವರು ಬೆಳೆಸಿದರು. 1915ರಲ್ಲಿ ಅಲ್ಲಿ ದೈಹಿಕ ಶಿಕ್ಷಣಕ್ಕೆ ಪ್ರತ್ಯೇಕ ವಿಭಾಗವೇ ಆಯಿತು. ಮೈದಾನದ ಮೇಷ್ಟ್ರು ಇತರ ಅಧ್ಯಾಪಕರ ಸಮಾನಸ್ಕಂಧನಾಗುವ ದಾರಿ ಅದು.

ಒಲಿಂಪಿಕ್ಸ್ ಅವರ ಬದುಕಿನಲ್ಲಿ ಪ್ರವೇಶಿಸಿದ್ದು ಈ ಹಿನ್ನೆಲೆಯಲ್ಲಿ. 1909ರಲ್ಲಿ ಕಾನೊ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಏಷ್ಯನ್ ಸದಸ್ಯರಾದರು. 1911ರಲ್ಲಿ ಜಪಾನಿನ ಹವ್ಯಾಸಿ ಅಥ್ಲೆಟಿಕ್ ಸಂಘವನ್ನು ಸ್ಥಾಪಿಸಿ ಅದರ ಅಧ್ಯಕ್ಷರಾದರು. ಮರುವರ್ಷ ಸ್ಟಾಕ್‌ಹೋಮ್‌ಗೆ ಹೋದದ್ದು ಇಬ್ಬರೇ ಓಟಗಾರರು. ಅವರಲ್ಲೊಬ್ಬ ಕಾನಾಕುರಿ ಶಿಜೊ, ಕಾನೊ ಅವರ ಕಾಲೇಜಿನದೇ ವಿದ್ಯಾರ್ಥಿ. ಮ್ಯಾರಥಾನ್ ಓಟದ ನಡುವೆ ಬಿಸಿಲಿನ ಬೇಗೆಗೆ ಬಸವಳಿದು ಅವನು ಓಟ ಮುಗಿಸಲಾಗಲಿಲ್ಲ. ಪದಕದ ಲೆಕ್ಕದಲ್ಲಿ ಫಲ ಶೂನ್ಯ. ಆದರೆ ಕಾನಾಕುರಿ ಮುಂದೆ ಅಧ್ಯಾಪಕರಾಗಿ ದೂರದ ಓಟವನ್ನು ದೇಶದಲ್ಲಿ ಹರಡಿದರು. ಅವರು ಮುಂದೆ ನಿಂತು 1920ರಲ್ಲಿ ಆರಂಭಿಸಿದ ಹಾಕೊನೆ ರಿಲೇ ಓಟ ಇಂದಿಗೂ ಜಪಾನಿನ ವಿದ್ಯಾರ್ಥಿಗಳ ಹೊಸವರ್ಷದ ಹಬ್ಬ. ಒಬ್ಬ ಚಾಂಪಿಯನ್ ತರಬಹುದಾಗಿದ್ದ ಕೀರ್ತಿಗಿಂತ ಒಬ್ಬ ಮೇಷ್ಟ್ರು ತಂದ ಫಲ ದೊಡ್ಡದಾಯಿತು.

1911ರಲ್ಲಿ ಕತ್ತಿವರಸೆ ಮತ್ತು ಜುಜುತ್ಸುಗಳನ್ನು ಮಾಧ್ಯಮಿಕ ಶಾಲೆಗಳು ಐಚ್ಛಿಕವಾಗಿ ಕಲಿಸಬಹುದೆಂಬ ನಿಯಮ ಬಂತು. 1931ರಲ್ಲಿ ಅವು ಬಾಲಕರಿಗೆ ಕಡ್ಡಾಯವಾದವು. 1884ರ ಷರಾ ತಿದ್ದಲು ನಲವತ್ತೇಳು ವರ್ಷ ಹಿಡಿದಿತ್ತು.

ಈ ನಡುವೆ 1922ರಲ್ಲಿ ಕಾನೊ ತಮ್ಮ ಚಿಂತನೆಯನ್ನು ಎರಡು ಸೂತ್ರಗಳಲ್ಲಿ ಹಿಡಿದಿಟ್ಟಿದ್ದರು. ಮೊದಲನೆಯದು ದೇಹ ಮತ್ತು ಮನಸ್ಸಿನ ಶಕ್ತಿಯನ್ನು ಅತ್ಯಂತ ಸಫಲವಾಗಿ ವಿನಿಯೋಗಿಸುವುದು; ಎರಡನೆಯದು ತನ್ನ ಏಳಿಗೆಯನ್ನೂ ಪರರ ಏಳಿಗೆಯನ್ನೂ ಒಟ್ಟಿಗೆ ಸಾಧಿಸುವುದು. ಮೊದಲನೆಯದರಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯ ದನಿ ಕೇಳಿಸುತ್ತದೆ. ಎರಡನೆಯದು ಚಾಪೆಯ ಮೇಲಿನ ಅನುಭವ. ಬೀಳಲು ಒಪ್ಪುವ ಜೊತೆಗಾರನಿಲ್ಲದೆ ಎಸೆಯುವುದನ್ನು ಯಾರೂ ಕಲಿಯಲಾರರು. ಜೂಡೊಗೆ ಚಾಪೆ, ಉಡುಪು, ಜೊತೆಗಾರ ಎಲ್ಲ ಬೇಕು ಎಂಬ ಮಿತಿಯನ್ನು ಅರಿತು, ಇದ್ದ ಜಾಗದಲ್ಲಿ ಒಬ್ಬೊಬ್ಬರೇ ಮಾಡಬಹುದಾದ ಸಾರ್ವಜನಿಕ ವ್ಯಾಯಾಮ ಕ್ರಮವೊಂದನ್ನೂ ಅವರು 1920ರ ದಶಕದಲ್ಲಿ ರೂಪಿಸಿದರು. 1926ರಲ್ಲಿ ಕೊದೊಕಾನ್‌ನಲ್ಲಿ ಮಹಿಳಾ ವಿಭಾಗ ತೆರೆಯಿತು.

ಆದರೆ ಈ ಕಥೆಗೆ ಕತ್ತಲ ಬದಿಯೂ ಇದೆ. ಶಾಲೆಯ ವಿಷಯವಾದದ್ದು ಪ್ರಭುತ್ವದ ಕೈಗೆ ಸಿಗುತ್ತದೆ. 1930ರ ದಶಕದ ಜಪಾನು ಯುದ್ಧದ ಕಡೆ ಸರಿದಂತೆ ಮೈದಾನಗಳು ಕವಾಯತಿನ ಕಣಗಳಾದವು. ಪರಸ್ಪರ ಏಳಿಗೆಯ ಸೂತ್ರ ಬದಿಗೆ ಸರಿದು ಆಜ್ಞಾಪಾಲನೆ ಮುಂದೆ ಬಂತು. 1940ರ ಒಲಿಂಪಿಕ್ಸನ್ನು ಟೋಕಿಯೊಗೆ ತರಲು ವೃದ್ಧಾಪ್ಯದಲ್ಲೂ ದುಡಿದ ಕಾನೊ, 1938ರಲ್ಲಿ ಕೈರೊದ ಸಭೆ ಮುಗಿಸಿ ಮರಳುವಾಗ ಹಿಕಾವಾ ಮಾರು ಹಡಗಿನಲ್ಲಿ ಮೇ 4ರಂದು ತೀರಿಕೊಂಡರು. ವಯಸ್ಸು ಎಪ್ಪತ್ತೇಳು. ಎರಡು ತಿಂಗಳ ನಂತರ ಜಪಾನ್ ಆ ಕ್ರೀಡಾಕೂಟವನ್ನೇ ಕೈಬಿಟ್ಟಿತು. 1945ರ ಸೋಲಿನ ನಂತರ ಶಾಲೆಗಳಲ್ಲಿ ಯುದ್ಧಕಲೆಗಳು ನಿಷಿದ್ಧವಾದವು. ಜೂಡೊಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 1950ರಲ್ಲಿ.

1964ರಲ್ಲಿ ಜೂಡೊ ಒಲಿಂಪಿಕ್ ಕ್ರೀಡೆಯಾಯಿತು. 2012ರಿಂದ ಜಪಾನಿನ ಕಿರಿಯ ಮಾಧ್ಯಮಿಕ ಶಾಲೆಗಳಲ್ಲಿ ಬಾಲಕ ಬಾಲಕಿಯರಿಬ್ಬರಿಗೂ ಯಾವುದಾದರೊಂದು ಯುದ್ಧಕಲೆ ಕಡ್ಡಾಯವಾಯಿತು. ಆ ಹೊತ್ತಿಗೆ ಬೆಳಕಿಗೆ ಬಂದ ಇನ್ನೊಂದು ಸಂಗತಿ ದೇಶವನ್ನು ಕಲಕಿತು. 1983ರಿಂದೀಚೆಗೆ ಶಾಲೆಗಳ ಜೂಡೊ ಅಭ್ಯಾಸದಲ್ಲಿ, ಹೆಚ್ಚಾಗಿ ತರಗತಿಯ ಹೊರಗಿನ ಕ್ಲಬ್ಬುಗಳಲ್ಲಿ, ನೂರಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡಿದ್ದರು. ಅಪಾಯವಿದೆ, ಗೆಲ್ಲುವ ಹಟ ಮಿತಿಮೀರುತ್ತದೆ ಎಂದ 1884ರ ಸಮಿತಿ ಸುಳ್ಳಾಡಿರಲಿಲ್ಲ. ಬೀಳುವುದನ್ನು ಕಲಿಸದೆ ಎಸೆಯುವ ಅವಸರ ಎಲ್ಲಿದೆಯೋ ಅಲ್ಲಿ ಕಾನೊ ಇಲ್ಲ.

ಕಾನೊ ಅವರ ಶಿಷ್ಯರಾದ ತಾಕಾಗಾಕಿ ಶಿಂಜೊ 1929ರಲ್ಲಿ ರವೀಂದ್ರನಾಥ ಠಾಕೂರರ ಆಹ್ವಾನದ ಮೇಲೆ ಶಾಂತಿನಿಕೇತನಕ್ಕೆ ಬಂದು ಜೂಡೊ ಕಲಿಸಿದ್ದರು. ಹಾಡು, ಚಿತ್ರಗಳಿಗೆ ಶಾಲೆಯಲ್ಲಿ ಜಾಗ ಕೊಟ್ಟ ಕವಿ ಮೈಯ ವಿದ್ಯೆಗೂ ಕೊಟ್ಟರು. ಸ್ವತಂತ್ರ ಭಾರತದ ಶಾಸನವೂ ಈ ವಿಷಯವನ್ನು ಮರೆತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆದರೆ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಅದು ಕೇಳುವುದು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಮಾತ್ರ. ಗಣಿತಕ್ಕೆ ಪೂರ್ಣಕಾಲಿಕ, ಮೈಗೆ ಅರೆಕಾಲಿಕ: ನಮ್ಮ ಮನೋಭಾವದ ಅಳತೆ ಆ ಒಂದು ಪದದಲ್ಲಿದೆ.

ದೈಹಿಕ ಶಿಕ್ಷಣದ ಪರವಾಗಿ ಮಾತನಾಡುವವರು ಪದಕಗಳ ಮಾತಾಡುತ್ತಾರೆ. ಅದು ದುರ್ಬಲ ವಾದ. ಪದಕ ಗೆಲ್ಲುವ ಮಗು ಶಾಲೆಗೊಂದು ಸಿಗುವುದೂ ಅಪರೂಪ. ಮೈದಾನದ ಅಂಚಿನಲ್ಲಿ ನಿಂತು ನೋಡುವ ಮಕ್ಕಳು ಪ್ರತಿ ತರಗತಿಯಲ್ಲೂ ಹತ್ತಾರು. ಚೆನ್ನಾಗಿ ಓಡುವವನಿಗೆ ಓಡಲು ಮೇಷ್ಟ್ರು ಬೇಕಾಗದೆ ಇರಬಹುದು, ಓಡಲಾರದವನಿಗೆ ಬೇಕೇ ಬೇಕು. ಗಣಿತ ಬಾರದ ಮಗುವಿಗಾಗಿಯೇ ಗಣಿತದ ತರಗತಿ ಇದೆ ಎಂದು ಒಪ್ಪುವ ನಾವು ಈ ಮಾತನ್ನು ಮೈದಾನಕ್ಕೆ ಅನ್ವಯಿಸುವುದಿಲ್ಲ. ವಸತಿ ಶಾಲೆಯಲ್ಲಿ ಪೆಟ್ಟು ತಿಂದ ಆ ಕುಳ್ಳ ಬಾಲಕ ಮೂಳೆ ವೈದ್ಯರ ಬಾಗಿಲುಗಳನ್ನು ತಟ್ಟುತ್ತ ಅಲೆಯಬೇಕಾಗಿ ಬಂದದ್ದು ಅವನ ಶಾಲೆಯಲ್ಲಿ ಆ ಪಾಠ ಇರಲಿಲ್ಲವಾದ್ದರಿಂದ. ಎಲ್ಲ ಮಕ್ಕಳಿಗೂ ಅಷ್ಟು ಛಲವಿರುವುದಿಲ್ಲ. ಅವರಿಗಾಗಿ ವಾರಕ್ಕೆ ಒಂದೆರಡು ಅವಧಿಗಳು, ತರಬೇತಿ ಪಡೆದ ಒಬ್ಬ ಅಧ್ಯಾಪಕ ಮತ್ತು ಹಂತಹಂತವಾಗಿ ಏರುವ ಪಾಠಕ್ರಮ ಶಾಲೆಯಲ್ಲಿ ಇರಲೇಬೇಕು, ಪರೀಕ್ಷೆ ಹತ್ತಿರವಾದಾಗಲೂ.