ಹೆಸರು ತಿಳಿಯದ ಮರ ಮತ್ತು ಬಿ.ಜಿ.ಎಲ್. ಸ್ವಾಮಿ

ಕಳೆದ ವರ್ಷ ರಸ್ತೆ ಅಗಲ ಮಾಡಲು ನಮ್ಮ ಬೀದಿಯ ತಿರುವಿನ ಮರವನ್ನು ಕಡಿಯುತ್ತಾರೆಂಬ ಸುದ್ದಿ ಬಂತು. ಅದನ್ನು ಉಳಿಸಿಕೊಡಲು ಅರ್ಜಿ ಬರೆಯುವ ಕೆಲಸ ವಿಜ್ಞಾನ ಓದುವ ಹುಡುಗಿಯೆಂದು ನನ್ನ ಪಾಲಿಗೆ ಬಂತು. ಯಾವ ಮರ ಎಂದು ಬರೆಯಬೇಕಾದಲ್ಲಿ ನನ್ನ ಪೆನ್ನು ನಿಂತಿತು. ಹತ್ತು ವರ್ಷ ಅದರ ನೆರಳಲ್ಲೇ ಬಸ್ಸಿಗೆ ಕಾದವಳು ನಾನು. ಕೊನೆಗೆ ಒಂದು ದೊಡ್ಡ ಮರ ಎಂದಷ್ಟೇ ಬರೆದೆ. ಮರ ಉಳಿಯಲಿಲ್ಲ. ಅದು ಹೊಂಗೆ ಎಂದು ನನಗೆ ತಿಳಿದದ್ದು, ಕಡಿದ ಕೊಂಬೆಗಳ ನಡುವೆ ಕಾಯಿ ಆರಿಸುತ್ತಿದ್ದ ನಮ್ಮ ಅಜ್ಜಿಯಿಂದ.

ಈ ಸಂಗತಿ ಕೇಳಿದ ನಮ್ಮ ಜೀವಶಾಸ್ತ್ರದ ಮೇಡಂ ಗ್ರಂಥಾಲಯದಿಂದ ‘ಹಸುರು ಹೊನ್ನು’ ಪುಸ್ತಕವನ್ನು ಕೊಡಿಸಿದರು. ಅದನ್ನು ಬರೆದವರ ಬಗ್ಗೆ ನಿಮಗೂ ಹೇಳಬೇಕೆನಿಸಿದೆ.

ಬಿ.ಜಿ.ಎಲ್. ಸ್ವಾಮಿಯವರು 1918ರಲ್ಲಿ ಹುಟ್ಟಿದರು. ‘ಮಂಕುತಿಮ್ಮನ ಕಗ್ಗ’ ಬರೆದ ಡಿ.ವಿ. ಗುಂಡಪ್ಪನವರ ಮಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಇರ್ವಿಂಗ್ ಬೈಲಿಯವರ ಜೊತೆ ಸಂಶೋಧನೆ ಮಾಡಿದರು. ತಾವು ಗುರುತಿಸಿದ ಒಂದು ಸಸ್ಯಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಆ ಗುರುವಿನ ಹೆಸರನ್ನೇ ಇಟ್ಟರು.

ಊರಿಗೆ ಮರಳಿದ ಮೇಲೆ 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಮುಂದೆ ಅಲ್ಲೇ ಪ್ರಾಂಶುಪಾಲರೂ ಆದರು. ಸೂಕ್ಷ್ಮದರ್ಶಕದ ಮುಂದೆ ದಿನಗಟ್ಟಲೆ ಕೂರಬಲ್ಲ ಈ ವಿಜ್ಞಾನಿಗೆ ತರಗತಿಯ ನಾಲ್ಕು ಗೋಡೆ ಸಾಲುತ್ತಿರಲಿಲ್ಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡುಗಳಿಗೆ ಹೊರಡುತ್ತಿದ್ದರು. ಮಳೆ, ಜಿಗಣೆ, ಹುಡುಗರ ತಮಾಷೆ ಎಲ್ಲದರ ನಡುವೆಯೇ ಪಾಠ ನಡೆಯುತ್ತಿತ್ತು.

ಅವರ ಪಾಠ ಲ್ಯಾಟಿನ್ ಹೆಸರಿಗೆ ಮುಗಿಯುತ್ತಿರಲಿಲ್ಲ. ಊರಿನ ಜನ ಆ ಗಿಡವನ್ನು ಏನೆಂದು ಕರೆಯುತ್ತಾರೆ, ಆ ಹೆಸರು ಎಲ್ಲಿಂದ ಬಂತು, ಅದರ ಎಲೆ, ತೊಗಟೆ ಯಾವುದಕ್ಕೆ ಉಪಯೋಗ ಎಂದೆಲ್ಲ ಹೇಳುತ್ತಿದ್ದರು. ಆ ಪ್ರವಾಸಗಳ ಕಥೆಯೇ ‘ಹಸುರು ಹೊನ್ನು’. ಅದರ ಚಿತ್ರಗಳನ್ನು ಬರೆದವರೂ ಅವರೇ. ನಗುತ್ತಾ ಓದುತ್ತಿರುವಾಗಲೇ ನಾಲ್ಕಾರು ಗಿಡಗಳು ಪರಿಚಯವಾಗಿರುತ್ತವೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿ.ವಿ.ಜಿ.ಯವರಿಗೂ ಇದೇ ಪ್ರಶಸ್ತಿ ಬಂದಿತ್ತು.

‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಅವರ ಇನ್ನೊಂದು ಪುಸ್ತಕ. ನಮ್ಮ ಮನೆಯ ಸಾರಿಗೆ ಬೀಳುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊಗಳೆಲ್ಲ ಸಮುದ್ರ ದಾಟಿ ಬಂದವು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸ್ವಾಮಿಯವರು 1980ರಲ್ಲಿ ತೀರಿಕೊಂಡರು.

ಅವರನ್ನು ಓದಿದ ಮೇಲೆ ನಾನೂ ಗೆಳತಿಯರೂ ಸೇರಿ ನಮ್ಮ ಕಾಲೇಜಿನ ಆವರಣ ಸುತ್ತಿದೆವು. ಹನ್ನೊಂದು ಬಗೆಯ ಮರಗಳು ಸಿಕ್ಕವು. ನಮಗೆ ಗೊತ್ತಿದ್ದದ್ದು ಬೇವು, ಮಾವು, ತೆಂಗು, ಹುಣಸೆ ಮಾತ್ರ. ಆರನ್ನು ತೋಟದ ಕೆಲಸದ ಚಾಚಾ ಹೇಳಿಕೊಟ್ಟರು. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ತೆಗೆದ ನಾವು ಅವರ ಮುಂದೆ ನೋಟ್ಸ್ ಹಿಡಿದು ನಿಂತಿದ್ದೆವು. ಝೊಹರ್ ನಮಾಜಿಗೆ ವುಝೂ ಮಾಡುವ ನಲ್ಲಿಯ ಪಕ್ಕದಲ್ಲಿರುವುದೂ ಹೊಂಗೆಯೇ! ಅದು ತೊಗರಿ, ಅವರೆಗಳ ಕುಟುಂಬಕ್ಕೆ ಸೇರಿದ್ದು. ಹೂವನ್ನು ಹತ್ತಿರದಿಂದ ನೋಡಿದರೆ ನಿಮಗೇ ತಿಳಿಯುತ್ತದೆ. ಅದರ ಬೀಜದ ಎಣ್ಣೆಯಿಂದ ಹಿಂದೆ ದೀಪ ಉರಿಸುತ್ತಿದ್ದರಂತೆ.

ಗ್ರಂಥಾಲಯದ ಹಿಂದಿನ ಒಂದು ಮರದ ಹೆಸರು ಚಾಚಾಗೂ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇನ್ನೊಮ್ಮೆ ಅರ್ಜಿ ಬರೆಯಬೇಕಾಗಿ ಬಂದರೆ ಒಂದು ದೊಡ್ಡ ಮರ ಎಂದು ಬರೆಯಲು ನನಗೆ ಇಷ್ಟವಿಲ್ಲ.

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ