ಗೋವಿಂದ ಪೈಗಳೂ ನಮ್ಮ ಬೇಸಗೆಯ ಲ್ಯಾಟಿನ್ನೂ

ಕೂಡ್ಲಿಗಿಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಹೋದರೆ ಚಿತ್ರದುರ್ಗ ಸಿಗುತ್ತದೆ. ಅದರ ಬೆಟ್ಟಗಳ ಮಗ್ಗುಲಲ್ಲಿರುವ ಚಂದ್ರವಳ್ಳಿಯನ್ನು ಮೊದಲು ಎಂ. ಎಚ್. ಕೃಷ್ಣ ಅವರೂ ತರುವಾಯ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆಸಿದರು. ಶಾತವಾಹನರ ನಾಣ್ಯಗಳೊಡನೆ ರೋಮಿನ ಬೆಳ್ಳಿಯ ನಾಣ್ಯಗಳೂ ಆ ನೆಲದಲ್ಲಿ ದೊರೆತಿವೆ. ತಿಬೇರಿಯಸ್ ಚಕ್ರವರ್ತಿಯ ನಾಣ್ಯವೂ ಅವುಗಳಲ್ಲಿ ಉಂಟು. ಹಲವು ವರ್ಷಗಳ ಕೆಳಗೆ, ಕೊಟ್ಟೂರಿನಲ್ಲಿ ಮೇಷ್ಟರಾಗಿದ್ದಾಗ, ತಿಬೇರಿಯಸನ ನಾಣ್ಯದ ಚಿತ್ರವೊಂದನ್ನು ತರಗತಿಯಲ್ಲಿ ತೋರಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು, ರಾಜನ ತಲೆಯ ಸುತ್ತಲೂ ಏನು ಬರೆದಿದೆ ಎಂದು ಕೇಳಿದನು. ಅದು ಲ್ಯಾಟಿನ್ ಭಾಷೆ ಎಂದೆ. ಭಾಷೆಯ ಹೆಸರಲ್ಲ, ಬರೆದಿರುವುದೇನು ಎಂದು ಅವನು ಮತ್ತೆ ಕೇಳಿದನು. ನನಗೆ ತಿಳಿಯದೆಂದು ಒಪ್ಪಿಕೊಳ್ಳಬೇಕಾಯಿತು.

ಆ ಹುಡುಗನ ಪ್ರಶ್ನೆಯೇ ಮುಂದೆ ನನ್ನನ್ನು ಲ್ಯಾಟಿನ್ನಿನ ಬಳಿಗೆ ಕರೆದೊಯ್ದಿತು. ಪಶ್ಚಿಮದ ದೇಶಗಳಲ್ಲಿ ಬೇಸಗೆಯ ರಜೆಯು ಈ ಭಾಷೆಯ ಕಲಿಕೆಗೆ ಒದಗಿಬಂದ ಕಾಲ. ನ್ಯೂಯಾರ್ಕಿನ ನಗರ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಆರಂಭವಾದ ಲ್ಯಾಟಿನ್-ಗ್ರೀಕ್ ಸಂಸ್ಥೆಯು ವರ್ಷಗಟ್ಟಲೆಯ ಪಾಠವನ್ನು ಹತ್ತು ವಾರಗಳಲ್ಲಿ ಹಿಡಿಸಿ ತೋರಿಸಿತು. ರೋಮಿನಲ್ಲಿ ರೆಜಿನಾಲ್ಡ್ ಫಾಸ್ಟರ್ ಎಂಬ ಸಂನ್ಯಾಸಿಯು 1985ರಿಂದ ಬಹುಕಾಲ ಶುಲ್ಕವಿಲ್ಲದೆ ಬೇಸಗೆಯ ಶಾಲೆಯನ್ನು ನಡೆಸಿದನು. ಹೊಸಬರಿಗೊಂದು, ನುರಿತವರಿಗೊಂದು ಎಂದು ಅಲ್ಲಿ ಮೆಟ್ಟಿಲುಗಳಿದ್ದವು. ಇಂದು ಅಂತಹ ಪಾಠಗಳು ಅಂತರಜಾಲದ ಮೂಲಕ ನಮ್ಮ ಹರಪನಹಳ್ಳಿ, ಹಡಗಲಿಗಳ ಮನೆಯ ಪಡಸಾಲೆಗೂ ಬಂದು ತಲುಪುತ್ತವೆ. ಒಂದು ಬೇಸಗೆಯಲ್ಲಿ ಮೊದಲ ಮೆಟ್ಟಿಲನ್ನೂ ಮರು ಬೇಸಗೆಯಲ್ಲಿ ಎರಡನೆಯದನ್ನೂ ನಾನು ಹತ್ತಿದೆ. ಸಂಸ್ಕೃತದ ಪರಿಚಯವಿದ್ದವನಿಗೆ ಆರಂಭವು ಅಷ್ಟೇನೂ ಕಠಿಣವಲ್ಲ. ಅಗ್ನಿಗೆ ಅಲ್ಲಿ ಇಗ್ನಿಸ್, ಮಾತೃವಿಗೆ ಮಾತೆರ್, ದಾನಕ್ಕೆ ದೋನುಮ್. ಸಂಬೋಧನೆಯೂ ಸೇರಿ ವಿಭಕ್ತಿಗಳು ಆರು. ಸಪ್ತಮಿಯ ಅವಶೇಷ ಅಲ್ಲೊಂದು ಇಲ್ಲೊಂದು ಪದದಲ್ಲಿ ಮಾತ್ರ ಉಳಿದಿದೆ. ದ್ವಿವಚನದ ಕಾಟವಿಲ್ಲ. ನಾಮಪದಗಳಿಗೆ ಐದು ವರ್ಗ, ಕ್ರಿಯಾಪದಗಳಿಗೆ ನಾಲ್ಕು ಗಣ. ಬಾಯಿಪಾಠಕ್ಕೆ ಅಂಜದವನು ಎರಡು ತಿಂಗಳಲ್ಲಿ ಇಷ್ಟನ್ನು ದಾಟಬಲ್ಲನು.

ನಾನು ಎಡವಿದುದು ಮೂರನೆಯ ಮೆಟ್ಟಿಲಿನಲ್ಲಿ, ಗ್ರಂಥಗಳನ್ನು ಓದುವ ಹಂತದಲ್ಲಿ. ಜೂನ್ ಬಂದು ಶಾಲೆ ತೆರೆಯಿತು. ಶ್ರಾವಣದ ಹೊತ್ತಿಗೆ ಅರ್ಧ ಮರೆತುಹೋಗಿತ್ತು. ಪರೀಕ್ಷೆಯೂ ಗುರುವೂ ಒಟ್ಟಿಗೆ ಕಲಿಯುವವರೂ ಇಲ್ಲದ ಊರಲ್ಲಿ ಒಂದು ಪರಭಾಷೆಯನ್ನು ಬಾಳಿನುದ್ದಕ್ಕೂ ಉಳಿಸಿಕೊಳ್ಳುವುದು ಹೇಗೆ ಎಂಬ ಚಿಂತೆ ಹತ್ತಿದಾಗ ನನ್ನ ನೆನಪಿಗೆ ಬಂದವರು ಮಂಜೇಶ್ವರದ ಗೋವಿಂದ ಪೈಗಳು.

ಪೈಗಳು ಹುಟ್ಟಿದುದು 1883ರ ಮಾರ್ಚ್ 23ರಂದು, ಮಂಜೇಶ್ವರದಲ್ಲಿದ್ದ ತಾಯಿಯ ತವರಿನಲ್ಲಿ. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ನೆರೆಯಲ್ಲೇ ಮಲೆಯಾಳ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಆ ಕರಾವಳಿಯ ಮಕ್ಕಳಿಗೆ ಅಂಗಳದಿಂದ ಜಗಲಿಗೆ ಹತ್ತಿದಷ್ಟೇ ಸಹಜ. ಮಂಗಳೂರಿನ ವಿದ್ಯಾಭ್ಯಾಸದ ಕಾಲದಲ್ಲಿ ಪಂಜೆ ಮಂಗೇಶರಾಯರಂತಹವರು ಅವರಿಗೆ ಗುರುಗಳಾಗಿ ದೊರೆತರು. ಮುಂದೆ ಬಿ. ಎ. ಪದವಿಗಾಗಿ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಂದು ಮಂಗಳೂರಿಗೆ ಮಾತ್ರವಲ್ಲ, ನಮ್ಮ ಬಳ್ಳಾರಿ ಸೀಮೆಗೂ ಮದರಾಸೇ ರಾಜಧಾನಿ. ಹಡಗಲಿಯ ಹುಡುಗನೂ ಮಂಜೇಶ್ವರದ ಹುಡುಗನೂ ಒಂದೇ ಆಡಳಿತದ ಪ್ರಜೆಗಳು.

ಪದವಿಯ ಕೊನೆಯ ಘಟ್ಟದಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದಿತು. ಇಂಗ್ಲಿಷಿನ ಪರೀಕ್ಷೆಯಲ್ಲಿ ಅವರಿಗೆ ಚಿನ್ನದ ಪದಕ ಲಭಿಸಿತಾದರೂ ಪದವಿ ಕೈಗೂಡಲಿಲ್ಲ. ಹಿರಿಯ ಮಗನ ಹೊಣೆಯನ್ನು ಹೊತ್ತು ಊರಿಗೆ ಹಿಂದಿರುಗಿದರು. ಅಲ್ಲಿಗೆ ಕಾಲೇಜಿನ ಬಾಗಿಲು ಮುಚ್ಚಿತು. ಅಂದಿನ ಲೋಕದ ಲೆಕ್ಕದಲ್ಲಿ ಅವರು ಓದನ್ನು ಅರ್ಧಕ್ಕೆ ಬಿಟ್ಟವರು. ಆದರೆ ಅವರ ನಿಜವಾದ ವಿದ್ಯಾಭ್ಯಾಸ ಆರಂಭವಾದುದೇ ಅನಂತರ.

ಮಂಜೇಶ್ವರದ ಆ ಮನೆಯು ಬರಬರುತ್ತ ಒಂದು ಪುಸ್ತಕಭಂಡಾರವಾಯಿತು. ಸಂಸ್ಕೃತ, ಪಾಳಿ, ಮರಾಠಿ, ಬಂಗಾಳಿ, ತಮಿಳು; ಫ್ರೆಂಚ್, ಜರ್ಮನ್; ಗ್ರೀಕ್, ಲ್ಯಾಟಿನ್: ಹೀಗೆ ಅವರು ಬಲ್ಲ ಭಾಷೆಗಳ ಸಂಖ್ಯೆ ಇಪ್ಪತ್ತನ್ನು ಮೀರುತ್ತಿತ್ತೆಂದು ಹೇಳುವುದುಂಟು. ಸಂಖ್ಯೆಯಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಈ ಭಾಷೆಗಳನ್ನು ಅವರು ಯಾವ ಕೆಲಸಕ್ಕೆ ಹಚ್ಚಿದರೆಂಬುದೇ ಮುಖ್ಯ. ಕರ್ಣಾಟಕದ ಕರಾವಳಿಯ ಪ್ರಾಚೀನತೆಯನ್ನು ಅರಸುವವನು ಇಲ್ಲಿಯ ಶಾಸನಗಳನ್ನಷ್ಟೇ ಓದಿದರೆ ಸಾಲದು. ಕ್ರಿ. ಶ. 79ರಲ್ಲಿ ಮಡಿದ ಪ್ಲಿನಿಯು ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ತೀರದ ನಿತ್ರಿಯಾಸ್ ಎಂಬ ಸ್ಥಳವನ್ನೂ ಅಲ್ಲಿಯ ಕಡಲ್ಗಳ್ಳರನ್ನೂ ಹೆಸರಿಸಿದ್ದಾನೆ. ಆ ಹೆಸರಿನಲ್ಲಿ ನೇತ್ರಾವತಿಯನ್ನು ಕಂಡ ವಿದ್ವಾಂಸರಿದ್ದಾರೆ. ಟಾಲೆಮಿಯ ಭೂಗೋಳ ಗ್ರೀಕಿನಲ್ಲಿದೆ. ನಮ್ಮ ನೆಲದ ದಾಖಲೆ ಪರರ ಭಾಷೆಯಲ್ಲಿದ್ದಾಗ ಆ ಭಾಷೆಯನ್ನು ಕಲಿಯುವುದು ವಿಲಾಸವಲ್ಲ, ಮನೆಯ ಕೆಲಸ.

ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿಯ ಹಾಳುದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬವರಿಗೆ ದೊರೆತ ಪಪೈರಸ್ ಪತ್ರಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. 1903ರಲ್ಲಿ ಅದು ಅಚ್ಚಾಯಿತು. ಹಿಂದೂ ಮಹಾಸಾಗರದ ತೀರದ ದೊರೆಯೊಬ್ಬನ ವಶದಲ್ಲಿ ಸಿಕ್ಕಿಬಿದ್ದ ಚಾರಿಟಿಯನ್ ಎಂಬ ಗ್ರೀಕ್ ತರುಣಿಯನ್ನು ಅವಳ ಅಣ್ಣನ ಕಡೆಯವರು ದೊರೆಗೆ ಮದ್ಯ ಕುಡಿಸಿ ಪಾರುಮಾಡುವುದು ಅದರ ಕಥೆ. ದೊರೆಯೂ ಅವನ ಪರಿವಾರವೂ ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಎಂಬ ಜರ್ಮನ್ ಪಂಡಿತರು ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಬೆಂಬಲಿಸಿದರು. ಕನ್ನಡದ ಪಕ್ಷ ಹಿಡಿದವರಲ್ಲಿ ಗೋವಿಂದ ಪೈಗಳೂ ಒಬ್ಬರು. 1926ರಲ್ಲಿ ಬಾರ್ನೆಟ್ ಅವರು ಇದನ್ನು ಅಲ್ಲಗಳೆದರು. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಪೈಗಳ ಪಕ್ಷವೇ ಗೆದ್ದಿತೆಂದು ನಾನು ಹೇಳಲಾರೆ. ಪದವಿಯಿಲ್ಲದ ಒಬ್ಬ ಗೃಹಸ್ಥನು ಆ ವಾದದಲ್ಲಿ ಅನುವಾದದ ಊರುಗೋಲನ್ನು ಮಾತ್ರ ನಂಬದೆ, ಮೂಲದ ಭಾಷೆಗಳನ್ನು ಬಲ್ಲವನಾಗಿ ಮಾತಾಡಿದನೆಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕಾವ್ಯದಲ್ಲಿಯೂ ಅವರ ದಾರಿ ಬೇರೆಯೇ ಆಗಿತ್ತು. ಕನ್ನಡ ಪದ್ಯಕ್ಕೆ ಅನಿವಾರ್ಯವೆಂದು ತಿಳಿದಿದ್ದ ದ್ವಿತೀಯಾಕ್ಷರ ಪ್ರಾಸವನ್ನು ಅವರು 1911ರಲ್ಲಿ ಕೈಬಿಟ್ಟರು. ಸಂಪ್ರದಾಯಸ್ಥರಿಂದ ನಿಂದೆ ಬಂದಿತು. ಲ್ಯಾಟಿನ್ ಕಲಿಯುವಾಗ ನನಗೊಂದು ಸಂಗತಿ ಮನಸ್ಸಿಗೆ ತಟ್ಟಿತು: ವರ್ಜಿಲನ ಮಹಾಕಾವ್ಯಕ್ಕೂ ಪ್ರಾಸದ ಕಟ್ಟಿಲ್ಲ, ಗುರುಲಘುಗಳ ನಡೆಯೇ ಅದರ ಉಸಿರು. ಸಂಸ್ಕೃತದ ಅಭಿಜಾತ ಕಾವ್ಯವೂ ಹಾಗೆಯೇ. ಹಲವು ಸಾಹಿತ್ಯಗಳನ್ನು ಬಲ್ಲವನಿಗೆ ತನ್ನ ಸಾಹಿತ್ಯದ ಕಟ್ಟಳೆಗಳಲ್ಲಿ ಯಾವುದು ಮೂಳೆ, ಯಾವುದು ಒಡವೆ ಎಂದು ತಿಳಿಯುವುದು ಸುಲಭವಾಗುತ್ತದೆ.

1930ರಲ್ಲಿ ಅವರ ಗಿಳಿವಿಂಡು ಪ್ರಕಟವಾಯಿತು. ಕ್ರಿಸ್ತನ ಕೊನೆಯ ದಿನವನ್ನು ಕುರಿತು ಗೊಲ್ಗೊಥಾ, ಬುದ್ಧನ ಕೊನೆಯ ದಿನವನ್ನು ಕುರಿತು ವೈಶಾಖಿ ಎಂಬ ಖಂಡಕಾವ್ಯಗಳನ್ನು ಬರೆದರು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಗೊಲ್ಗೊಥಾದ ಶಿಲುಬೆಯ ಮೇಲಣ ಫಲಕವು ಹೀಬ್ರೂ, ಲ್ಯಾಟಿನ್, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿತ್ತೆಂದು ಯೋಹಾನನ ಸುವಾರ್ತೆಯು ತಿಳಿಸುತ್ತದೆ. ಆಗ ರೋಮಿನ ಸಿಂಹಾಸನದಲ್ಲಿದ್ದವನು ತಿಬೇರಿಯಸ್. ಚಂದ್ರವಳ್ಳಿಯ ಮಣ್ಣಿನಲ್ಲಿ ಯಾರ ನಾಣ್ಯ ಸಿಕ್ಕಿತೋ ಆತನೇ. ನಮಗೆ ದೂರದ್ದೆಂದು ತೋರುವ ಭಾಷೆ ಎಷ್ಟು ಹತ್ತಿರಕ್ಕೆ ಬಂದು ಹೋಗಿದೆ!

1949ರಲ್ಲಿ ಮದರಾಸು ಸರಕಾರವು ಪೈಗಳಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಬಳ್ಳಾರಿಯೊಡನೆ ಮೈಸೂರು ರಾಜ್ಯವನ್ನು ಕೂಡಿಕೊಂಡವು. ಆದರೆ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಮಂಜೇಶ್ವರವು ಕಾಸರಗೋಡಿನೊಡನೆ ಕೇರಳಕ್ಕೆ ಸೇರಿತು. ರಾಷ್ಟ್ರಕವಿಯ ಮನೆಯೇ ರಾಜ್ಯದ ಗಡಿಯಾಚೆ ಉಳಿಯಿತು. 1963ರ ಸೆಪ್ಟೆಂಬರ್ 6ರಂದು ಪೈಗಳು ತೀರಿಕೊಂಡರು. ಅವರ ಪುಸ್ತಕಗಳು ಉಡುಪಿಯ ಎಂ. ಜಿ. ಎಂ. ಕಾಲೇಜನ್ನು ಸೇರಿದವು, ಅಲ್ಲಿ ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವಿದೆ. ಮಂಜೇಶ್ವರದ ಸರಕಾರಿ ಕಾಲೇಜು ಕೂಡ, ಪದವಿಯನ್ನು ಪಡೆಯದ ಈ ಮಹನೀಯರ ಹೆಸರನ್ನೇ ಹೊತ್ತಿದೆ.

ಇಷ್ಟನ್ನೂ ಕಳೆದ ವರ್ಷ ಒಬ್ಬನಿಗೆ ಹೇಳಿದೆ. ನಾಣ್ಯದ ಬಗೆಗೆ ಕೇಳಿದ್ದ ಆ ಹುಡುಗ ಈಗ ಕೊಟ್ಟೂರೇಶ್ವರನ ತೇರು ಹರಿಯುವ ಬೀದಿಯ ಬದಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಾನೆ. ಪಿ. ಯು. ಸಿ. ಓದುತ್ತಿರುವಾಗ ತಂದೆ ತೀರಿಕೊಂಡರು, ಓದು ನಿಂತಿತು. ಪೈಗಳಿಗೂ ಹೀಗೆಯೇ ಆಯಿತೆಂದು ಉತ್ಸಾಹದಿಂದ ಕಥೆಯನ್ನು ಮುಗಿಸಿದೆ. ಅವನು ಸಕ್ಕರೆ ಕಟ್ಟುತ್ತಲೇ ಕೇಳಿದನು. ಬಳಿಕ, ಪೈಗಳ ತಂದೆ ಆಸ್ತಿಯನ್ನು ಬಿಟ್ಟುಹೋಗಿದ್ದರು, ತನ್ನ ತಂದೆ ಬಿಟ್ಟುಹೋದುದು ಸಾಲವನ್ನು ಎಂದು ಮೆಲ್ಲಗೆ ಹೇಳಿದನು. ನಾನು ನಿರುತ್ತರನಾದೆ. ಅವನ ಮಾತು ನಿಜ. ಸಾಹುಕಾರನ ಮನೆಯಲ್ಲದಿದ್ದರೆ ಆ ಪುಸ್ತಕಭಂಡಾರವು ಬೆಳೆಯುತ್ತಿರಲಿಲ್ಲ. ಪ್ರತಿಭೆಯೊಂದೇ ಸಾಕೆಂದು ಬಡ ಮಕ್ಕಳಿಗೆ ಉಪದೇಶಿಸುವುದು ಮೋಸವಾದೀತು. ಪೈಗಳೇ ಹೆಬ್ಬೆರಳು ಎಂಬ ನಾಟಕದಲ್ಲಿ ಏಕಲವ್ಯನ ಕಥೆಯನ್ನು ಹೇಳಿದ್ದಾರೆ. ಗುರುವಿಲ್ಲದೆ ಕಲಿತವನು ತೆರಬೇಕಾದ ಬೆಲೆಯನ್ನು ಅವರು ಅರಿಯದವರಲ್ಲ.

ಆದರೂ ಕಾಲ ಒಂದು ಉಪಕಾರ ಮಾಡಿದೆ. ಲ್ಯಾಟಿನ್-ಕನ್ನಡ ನಿಘಂಟೊಂದು 1861ರಷ್ಟು ಹಿಂದೆಯೇ ಬೆಂಗಳೂರಿನ ಕ್ಯಾಥೊಲಿಕ್ ಮಿಷನ್ನಿನ ಮುದ್ರಣಾಲಯದಲ್ಲಿ ಅಚ್ಚಾಗಿತ್ತು. ಅದು ನಮ್ಮ ಸೀಮೆಯ ಹುಡುಗನ ಕೈಗೆ ಸಿಗುವ ವಸ್ತುವಾಗಿರಲಿಲ್ಲ. ಸಾಹುಕಾರನಾದವನು ಹಡಗಿನಲ್ಲಿ ತರಿಸಬೇಕಾಗಿದ್ದ ನಿಘಂಟುಗಳು ಈಗ ಅಂಗಡಿಯ ಗಲ್ಲೆಯ ಮೇಲಿರುವ ದೂರವಾಣಿಯಲ್ಲಿಯೇ ಕಾಸಿಲ್ಲದೆ ತೆರೆದುಕೊಳ್ಳುತ್ತವೆ. ಉಳಿದಿರುವ ಕೊರತೆ ಬಿಡುವಿನದು ಮತ್ತು ಜೊತೆಯದು. ಬಿಡುವನ್ನು ನಾನು ಕೊಡಲಾರೆ, ಜೊತೆಯನ್ನು ಕೊಡಬಲ್ಲೆ.

ಆ ದಿನ ಅವನಿಗೆ ಹಳೆಯ ಪ್ರಶ್ನೆಯ ಉತ್ತರವನ್ನು ಹೇಳಿದೆ. ಭಾರತದಲ್ಲಿ ಹೆಚ್ಚಾಗಿ ಸಿಗುವ ತಿಬೇರಿಯಸನ ಬೆಳ್ಳಿ ನಾಣ್ಯದ ಮೇಲೆ, ಆತನು ದೈವತ್ವಕ್ಕೇರಿದ ಅಗಸ್ಟಸನ ಮಗನೆಂದು ಬರೆದಿದೆ. ಮಗ ಎಂಬುದಕ್ಕೆ ಅಲ್ಲಿರುವುದು ಒಂದೇ ಅಕ್ಷರ. ಫೀಲಿಯುಸ್ ಎಂಬ ಪದದ ಮೊದಲನೆಯದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಡಬೇಕೆಂದು ಕೇಳಿದನು. ಉದ್ರಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟೆ. ಈ ಬೇಸಗೆಯಲ್ಲಿ ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಅರ್ಧ ಗಂಟೆ, ನಾವಿಬ್ಬರೂ ಮತ್ತೆ ಮೊದಲ ಮೆಟ್ಟಿಲಿನಿಂದ ಆರಂಭಿಸಿದ್ದೇವೆ.