ಬೇಹಿನ ಬಲೆಯಲ್ಲಿ ಪಳಶ್ಶಿರಾಜ

ಕೇರಳವರ್ಮ ಪಳಶ್ಶಿರಾಜನು 1753ರಲ್ಲಿ ಉತ್ತರ ಮಲಬಾರಿನ ಕೋಟ್ಟಯಂ ಅರಸುಮನೆತನದಲ್ಲಿ ಜನಿಸಿದನು. ಮೈಸೂರಿನ ಸೇನೆಗಳನ್ನು ಎದುರಿಸಿ ಬೆಳೆದ ಈತನಿಗೆ 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಹೊಸ ವೈರಿಯೊಬ್ಬನು ಎದುರಾದನು. ಮಲಬಾರನ್ನು ಪಡೆದ ಈಸ್ಟ್ ಇಂಡಿಯಾ ಕಂಪನಿಯ ಕಂದಾಯ ನೀತಿಯನ್ನು ಒಪ್ಪದೆ ಆತನು ವಯನಾಡಿನ ಕಾಡನ್ನು ಆಶ್ರಯಿಸಿದನು.

ಕಂಪನಿಯ ಬಳಿ ಫಿರಂಗಿಗಳಿದ್ದವು. ರಾಜನ ಬಳಿ ಸುದ್ದಿಯಿತ್ತು. ಬಿಲ್ವಿದ್ಯೆಯಲ್ಲಿ ನಿಪುಣರಾದ ಕುರಿಚಿಯರು ಘಟ್ಟದ ಪ್ರತಿಯೊಂದು ಕಾಲುದಾರಿಯನ್ನೂ ಬಲ್ಲವರು. 1797ರ ಮಾರ್ಚ್‌ನಲ್ಲಿ ಪೆರಿಯ ಘಟ್ಟದಲ್ಲಿ ಹೊಂಚು ಹಾಕಿದ ರಾಜನ ಪಡೆಯು ಕಂಪನಿಯ ತುಕಡಿಯನ್ನು ಧ್ವಂಸಮಾಡಿತು. ಮೇಜರ್ ಕ್ಯಾಮರೂನ್ ಹತನಾದನು. ಅದೇ ವರ್ಷ ಸಂಧಿಯಾದರೂ 1800ರಲ್ಲಿ ಯುದ್ಧ ಮರುಕಳಿಸಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿಯೂ ಈ ಕಾಡನ್ನು ಪೂರ್ಣವಾಗಿ ಪಳಗಿಸಲಾರದೆ ಹೋದನು. 1802ರ ಅಕ್ಟೋಬರ್‌ನಲ್ಲಿ ಎಡಚ್ಚೇನ ಕುಂಗನ್ ಮತ್ತು ತಲಕ್ಕಲ್ ಚಂದು ಅವರ ನೇತೃತ್ವದ ಪಡೆ ಪನಮರಂ ಠಾಣೆಯ ಮೇಲೆ ಎರಗಿ ಅದನ್ನು ವಶಪಡಿಸಿಕೊಂಡಿತು.

1804ರಲ್ಲಿ ತಲಶ್ಶೇರಿಯ ಸಬ್‌ಕಲೆಕ್ಟರನಾಗಿ ಬಂದ ಥಾಮಸ್ ಹಾರ್ವಿ ಬೇಬರ್ ಯುದ್ಧದ ಮರ್ಮವನ್ನು ಬೇರೆಯಾಗಿ ಕಂಡನು. ರಾಜನ ನಿಜವಾದ ಕೋಟೆ ಜನರ ಮೌನವೆಂಬುದನ್ನು ಅರಿತು, ಆ ಮೌನವನ್ನು ಒಡೆಯಲು ಮುಂದಾದನು. ರಾಜನ ತಲೆಗೆ ಬಹುಮಾನ ಸಾರಲಾಯಿತು. ಕಾಡಿಗೆ ಹೋಗುವ ದವಸ ಧಾನ್ಯದ ದಾರಿಗಳು ಮುಚ್ಚಿದವು. ಊರಿನವರನ್ನು ಬೆದರಿಸಿಯೂ ಓಲೈಸಿಯೂ ಬೇಬರ್ ಸುಳಿವುಗಳನ್ನು ಕಲೆಹಾಕಿದನು. ನೆಲೆಯಿಂದ ನೆಲೆಗೆ ಅಲೆಯುತ್ತಿದ್ದ ರಾಜನ ಸುತ್ತ ಬೇಹಿನ ಬಲೆ ಬಿಗಿಯಾಗುತ್ತ ಬಂದಿತು.

1805ರ ನವೆಂಬರ್ 30ರಂದು ಪುಲ್ಪಳ್ಳಿಯ ಸಮೀಪ, ಮೈಸೂರು ಗಡಿಯ ಹತ್ತಿರದ ಹಳ್ಳವೊಂದರ ದಂಡೆಯಲ್ಲಿ ಬೇಬರನ ತಂಡ ಆತನನ್ನು ಸುತ್ತುವರಿಯಿತು. ರಾಜನು ಗುಂಡೇಟಿನಿಂದ ಮಡಿದನೆಂದು ಕಂಪನಿಯ ದಾಖಲೆ ಹೇಳಿದರೆ, ಸೆರೆಯಾಗದೆ ತಾನೇ ಪ್ರಾಣ ತೊರೆದನೆಂದು ಜನಶ್ರುತಿ ನಂಬುತ್ತದೆ. ಬೇಬರ್ ತನ್ನ ಪಲ್ಲಕ್ಕಿಯಲ್ಲಿಯೇ ಪಾರ್ಥಿವ ಶರೀರವನ್ನು ಮಾನಂದವಾಡಿಗೆ ಸಾಗಿಸಿ, ಗೌರವದಿಂದ ಅಂತ್ಯಸಂಸ್ಕಾರ ಮಾಡಿಸಿದನು. ಆ ಸಮಾಧಿ ಇಂದಿಗೂ ಅಲ್ಲಿದೆ.

ಬೇಹುಗಾರಿಕೆಯ ದಾರಿಗಳು ಈಗ ಕಾಡಿನಿಂದ ಕಂಪ್ಯೂಟರ್ ಜಾಲಕ್ಕೆ ಸರಿದಿವೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇರಾನಿನ ನತಾಂಜ್ ಅಣುಸ್ಥಾವರದ ಯಂತ್ರಗಳನ್ನು ಒಂದೂ ಗುಂಡು ಹಾರಿಸದೆ ಕೆಡಿಸಿತ್ತು. ಹೊರಗಿನ ಗೋಡೆ ಎಷ್ಟು ಗಟ್ಟಿಯಾಗಿದ್ದರೂ ಒಳಗಿನ ಸುಳಿವು ವೈರಿಗೆ ದಕ್ಕಿದ ದಿನ ಕೋಟೆ ಬಿದ್ದಂತೆಯೇ. ಹದಿಮೂರು ವರ್ಷ ಸುದ್ದಿಯ ಬಲದಿಂದ ಸಾಮ್ರಾಜ್ಯವೊಂದನ್ನು ತಡೆದು, ಕೊನೆಗೆ ಸುದ್ದಿಯಿಂದಲೇ ಸೋತ ಪಳಶ್ಶಿರಾಜನ ಬದುಕು ಈ ಸತ್ಯಕ್ಕೆ ಸಾಕ್ಷಿಯಾಗಿದೆ.